ಡಿಕ್ಷನರಿ ಚೆನ್ನಾಗಿದ್ಯಾ ಇಲ್ವಾ ಗೊತ್ತಾಗ್ಬೇಕಾ? ‘ಫೈನ್’ ಅಂತ ಹುಡುಕಿ ನೋಡಿ

ಹೊಸ ಡಿಕ್ಷನರಿ ಆಪ್ ಹಾಕ್ಕೊಂಡ ತಕ್ಷಣ ಜನ ಮೊದ್ಲು ಹುಡುಕೋದು ನಾಲಿಗೆ ಹೊರಳದೇ ಇರೋ ಉದ್ದುದ್ದ ಪದಗಳನ್ನ. ಸೆರೆಂಡಿಪಿಟಿ ಇದ್ಯಾ, ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ ಇದ್ಯಾ, ಇದ್ರೆ "ಸಖತ್ ಆಪ್ ಗುರು" ಅಂತ ಐದು ಸ್ಟಾರ್. ನನ್ ಪ್ರಕಾರ ಇದು ಪೂರ್ತಿ ಉಲ್ಟಾ. ಉದ್ದ ಪದಕ್ಕೆ ಸಾಮಾನ್ಯವಾಗಿ ಒಂದೋ ಎರಡೋ ಅರ್ಥ ಇರುತ್ತೆ, ಅದನ್ನ ಯಾರ್ ಬೇಕಾದ್ರೂ ಎಲ್ಲಿಂದಲಾದ್ರೂ ಎತ್ಕೊಂಡು ಬಂದು ಹಾಕಬಹುದು. ಡಿಕ್ಷನರಿಯ ಬಂಡವಾಳ ಬಯಲಾಗೋದು ಪುಟ್ಟ ಪದದಲ್ಲಿ, ಅದ್ರಲ್ಲೂ ದಿನಾ ಬಾಯಲ್ಲಿ ಓಡಾಡೋ ಗುಣವಾಚಕಗಳಲ್ಲಿ. ಅದಕ್ಕೇ ನಾನು ಯಾವ್ದೇ ಡಿಕ್ಷನರಿ ತೆಗೆದ್ರೂ ಮೊದ್ಲು ‘ಫೈನ್’ ಅಂತ ಟೈಪ್ ಮಾಡ್ತೀನಿ. ಎಲ್ರಿಗೂ ಗೊತ್ತಿರೋ ಪದ, ಒಂದನೇ ಕ್ಲಾಸಿನ ಮಕ್ಕಳೂ "ಐ ಆಮ್ ಫೈನ್ ಥ್ಯಾಂಕ್ಯೂ" ಅಂತ ರಾಗವಾಗಿ ಹೇಳ್ತಾರೆ, ಆದ್ರೆ ಇದನ್ನ ನೆಟ್ಟಗೆ ವಿವರಿಸೋ ಡಿಕ್ಷನರಿಗಳು ಕಮ್ಮಿ.

ಈ ಸಲ ಬರೀತಿರೋದು ಒಂದು ಫ್ರೀ ಇಂಗ್ಲಿಷ್-ಕನ್ನಡ ಡಿಕ್ಷನರಿ ಆಪ್ ಬಗ್ಗೆ. ಹೆಸರು ಹೇಳಲ್ಲ, ಯಾಕಂದ್ರೆ ಇದೇ ಥರದ್ದು ಇನ್ನೂ ಎಷ್ಟೋ ಇವೆ, ಐಕಾನ್ ಬೇರೆ ಒಳಗಡೆ ಸರಕು ಹೆಚ್ಚುಕಮ್ಮಿ ಒಂದೇ, ನೀವೂ ಇದ್ರಲ್ಲಿ ಯಾವ್ದೋ ಒಂದನ್ನ ಹಾಕ್ಕೊಂಡಿರ್ತೀರ. ಜೊತೆಗೆ ಪಕ್ಕದಲ್ಲಿಟ್ಟು ನೋಡೋಕೆ ಇಂಗ್ಲಿಷ್ ಕಲಿಯೋರಿಗೆ ಅಂತಲೇ ಮಾಡಿರೋ ದೊಡ್ಡ ಡಿಕ್ಷನರಿಗಳನ್ನೂ ತಗೊಂಡಿದೀನಿ, ಆಕ್ಸ್‌ಫರ್ಡ್, ಲಾಂಗ್‌ಮನ್, ಕಾಲಿನ್ಸ್ ಕೋಬಿಲ್ಡ್, ಕೇಂಬ್ರಿಡ್ಜ್. ಇವೆಲ್ಲಾ ನೆಟ್‌ನಲ್ಲಿ ಪುಕ್ಕಟೆ ನೋಡಬಹುದು, ಆದ್ರೂ ನಮ್ಮಲ್ಲಿ ಜಾಸ್ತಿ ಜನ ಆಪ್‌ಗೇ ಅಂಟ್ಕೊಂಡಿರ್ತಾರೆ, ಕನ್ನಡದಲ್ಲಿ ಅರ್ಥ ಬರುತ್ತಲ್ಲ ಅಂತ. ಆ ಆಸೆ ತಪ್ಪೇನಲ್ಲ, ಆದ್ರೆ ಕನ್ನಡದಲ್ಲಿ ಏನ್ ಬರುತ್ತೆ ಅಂತ ಸ್ವಲ್ಪ ನೋಡೋಣ.

ಆಪ್‌ನಲ್ಲಿ ಫೈನ್ ಅಂತ ಹೊಡೆದ್ರೆ ಮೊದ್ಲು ಒಂದು ಜಾಹೀರಾತು, ಅದನ್ನ ಮುಚ್ಚಿದ್ಮೇಲೆ ಒಂದೇ ಉಸಿರಿಗೆ ಹೀಗೆ ಬರುತ್ತೆ: ದಂಡ, ಜುಲ್ಮಾನೆ, ಉತ್ತಮ, ಸೂಕ್ಷ್ಮ, ಸೊಗಸಾದ, ನಯವಾದ, ತೆಳುವಾದ, ಶುಭ್ರ, ಚೆಲುವಾದ. ಅಷ್ಟೇ. ಯಾವ್ದು ನಾಮಪದ ಯಾವ್ದು ಗುಣವಾಚಕ ಅನ್ನೋ ಗುರುತಿಲ್ಲ, ಯಾವ್ದು ದಿನಾ ಬಳಸೋದು ಯಾವ್ದು ಅಪರೂಪ ಅನ್ನೋದಿಲ್ಲ, ಎಲ್ಲಕ್ಕೂ ನಡುವೆ ಒಂದೊಂದು ಅಲ್ಪವಿರಾಮ ಹಾಕಿ ಸಾಲಾಗಿ ನಿಲ್ಲಿಸಿಬಿಟ್ಟಿದಾರೆ. ಕೆಳಗಡೆ ಉದಾಹರಣೆ ಅಂತ ವಾಕ್ಯಗಳಿವೆ, ಅವು ಮೆಷಿನ್ ಅನುವಾದ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. "ಹೀ ಈಸ್ ಫೈನ್ ನೌ" ಅನ್ನೋದಕ್ಕೆ "ಅವನು ಈಗ ದಂಡ" ಅಂತಿದೆ. ಓದಿ ನಕ್ಕೂ ನಕ್ಕೂ ಸಾಕಾಯ್ತು, ಕೆಲವು ಜನರ ವಿಷಯದಲ್ಲಿ ಇದು ನಿಜಾನೂ ಇರಬಹುದು ಬಿಡಿ. "ಒನ್ ಫೈನ್ ಡೇ" ಅನ್ನೋದಕ್ಕೆ "ಒಂದು ಉತ್ತಮ ದಿನ". ಅಲ್ಲಿ ಉತ್ತಮನೂ ಇಲ್ಲ ಅಧಮನೂ ಇಲ್ಲ, ಬಿಸಿಲು ಮಳೆಗೂ ಸಂಬಂಧ ಇಲ್ಲ, "ಹಿಂಗೇ ಒಂದಿನ" ಅಂತ ಅಷ್ಟೇ ಅದರರ್ಥ.

ಎಲ್ಲಕ್ಕಿಂತ ಕೆಟ್ಟದ್ದು ಅಂದ್ರೆ "ಫೈನ್ ಪಾರ್ಟಿಕಲ್ಸ್ ಇನ್ ದಿ ಏರ್" ಅನ್ನೋದಕ್ಕೆ "ಗಾಳಿಯಲ್ಲಿ ಉತ್ತಮ ಕಣಗಳು" ಅಂತ ಕೊಟ್ಟಿರೋದು. ಇದು ತಮಾಷೆ ಅಲ್ಲ ಸ್ವಾಮಿ. ಗಾಳಿ ಮಾಲಿನ್ಯದ ಸುದ್ದೀಲಿ ಪಿಎಂ 2.5 ಅಂತ ಬರುತ್ತಲ್ಲ, ಅದೇ ಈ ಫೈನ್ ಪಾರ್ಟಿಕಲ್ಸ್, 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಚಿಕ್ಕ ಧೂಳು, ಮೂಗಲ್ಲಿ ಗಂಟಲಲ್ಲಿ ನಿಲ್ಲದೆ ಶ್ವಾಸಕೋಶದ ಒಳತನಕ ಹೋಗಿ ಕೂರೋದು. ಸಣ್ಣದಾಗಿರೋದೇ ಅದರ ಅಪಾಯ. ಅದನ್ನ ಹೋಗಿ ಉತ್ತಮ ಕಣ ಅಂದ್ರೆ ಓದಿದೋರು ಕಿಟಕಿ ತೆಗೆದು ಜೋರಾಗಿ ಉಸಿರೆಳ್ಕೋತಾರೆ ಅಷ್ಟೇ. ನುಣುಪು ಧೂಳು ಅನ್ನಿ, ಅತಿ ಸಣ್ಣ ಕಣ ಅನ್ನಿ, ಸೂಕ್ಷ್ಮ ಕಣ ಅನ್ನಿ, ಯಾವ್ದಾದ್ರೂ ನಡೆಯುತ್ತೆ. ಮಜಾ ಏನಂದ್ರೆ ಸೂಕ್ಷ್ಮ ಅನ್ನೋ ಪದ ಆಪ್‌ನ ಪಟ್ಟೀಲೇ ಇದೆ, ಯಾವಾಗ ಯಾವ್ದನ್ನ ತಗೋಬೇಕು ಅಂತ ಹೇಳೋರು ಇಲ್ಲ.

ಹೇಳ್ಬೇಕಾಗಿರೋದು ಇಷ್ಟೇ: ಈ ಥರದ ಗುಣವಾಚಕದ ಅರ್ಥ ಅದರ ಹೊಟ್ಟೆಯೊಳಗೆ ಇರಲ್ಲ, ಅದು ಯಾರ ಪಕ್ಕ ನಿಂತಿದೆ ಅನ್ನೋದ್ರಲ್ಲಿ ಇರುತ್ತೆ. ಮರಳಿನ ಪಕ್ಕ ನಿಂತ್ರೆ ಸಣ್ಣ, ಚಿನ್ನದ ಪಕ್ಕ ನಿಂತ್ರೆ ಅಪ್ಪಟ, ದಾರದ ಪಕ್ಕ ನಿಂತ್ರೆ ತೆಳು, ವ್ಯತ್ಯಾಸದ ಪಕ್ಕ ನಿಂತ್ರೆ ಸೂಕ್ಷ್ಮ, ಮನುಷ್ಯನ ಪಕ್ಕ ನಿಂತ್ರೆ ಎಲ್ಲಿ ನಿಂತಿದೆ ಅನ್ನೋದರ ಮೇಲೆ ಹೋಗುತ್ತೆ. "ಶೀ ಈಸ್ ಫೈನ್" ಅಂದ್ರೆ ಆರಾಮಾಗಿದಾಳೆ, "ಶೀ ಈಸ್ ಎ ಫೈನ್ ಸಿಂಗರ್" ಅಂದ್ರೆ ಒಳ್ಳೇ ಹಾಡುಗಾರ್ತಿ, ಆಕೆಗೆ ಜ್ವರ ಬಂದು ಮಲಗಿದ್ರೂ ಈ ಎರಡನೇ ವಾಕ್ಯ ನಿಜಾನೇ. ಮೊದಲನೇ ಅರ್ಥ, ಅಂದ್ರೆ ಹುಷಾರಾಗಿರೋದು, ಯಾವತ್ತೂ ನಾಮಪದದ ಮುಂದೆ ಬರಲ್ಲ, ಈಸ್ ಆಮ್ ಫೀಲ್ ಲುಕ್ ಇಂಥವುಗಳ ಆಮೇಲೇ ಬರೋದು. ಇಷ್ಟು ಚಿಕ್ಕ ಮಾತು ಹೇಳಿದ್ರೆ ಓದೋನಿಗೆ ಅರ್ಧ ಗೊಂದಲ ಕಮ್ಮಿ ಆಗುತ್ತೆ, ನಮ್ ಆಪ್ ಹೇಳಲ್ಲ. ಕಲಿಯೋರ ಡಿಕ್ಷನರಿಗಳು ಹೇಳ್ತವೆ, ಕೆಲವು ವ್ಯಾಕರಣದ ಸಣ್ಣ ಲೇಬಲ್ ಹಾಕಿ, ಕೆಲವು ಉದಾಹರಣೆ ಕೊಟ್ಟು.

ಅದೇ ಥರ "ವೆರಿ ಫೈನ್" ವಿಷಯ. ಹೆಂಗಿದೀರ ಅಂದ್ರೆ "ಐ ಆಮ್ ವೆರಿ ಫೈನ್" ಅನ್ನೋರು ತುಂಬಾ ಜನ ಸಿಗ್ತಾರೆ, ಇಂಗ್ಲಿಷ್ ಮನೆಮಾತಾಗಿರೋರ ಕಿವಿಗೆ ಅದು ಎಲ್ಲೋ ತಟ್ಟುತ್ತೆ. ಹುಷಾರು, ಪರವಾಗಿಲ್ಲ ಅನ್ನೋ ಅರ್ಥದಲ್ಲಿ ಫೈನ್‌ಗೆ ವೆರಿ ಹಚ್ಚಲ್ಲ, ಜಸ್ಟ್ ಫೈನ್, ಪರ್ಫೆಕ್ಟ್ಲಿ ಫೈನ್, ಆಬ್ಸಲ್ಯೂಟ್ಲಿ ಫೈನ್ ಅಂತಾರೆ. ನಿನ್ನೆಗಿಂತ ಇವತ್ತು ಪರವಾಗಿಲ್ಲ ಅನ್ನೋಕೆ "ಐ ಆಮ್ ಫೈನರ್ ಟುಡೇ" ಅಂತಾನೂ ಅನ್ನಲ್ಲ, ಬೆಟರ್ ಅಂತಾರೆ. ಆದ್ರೆ ವೆರಿ ಫೈನ್ ಅನ್ನೋದೇ ತಪ್ಪು ಅಂತ ಹೋಗಿ ಯಾರಿಗೂ ಪಾಠ ಮಾಡ್ಬೇಡಿ, ವೆರಿ ಫೈನ್ ಸ್ಯಾಂಡ್ ಸರಿ, ಎ ವೆರಿ ಫೈನ್ ಪೇಂಟಿಂಗ್ ಸರಿ, ಫೈನರ್ ಮೆಶ್ ಸರಿ. ಸಣ್ಣ, ತೆಳು, ಶ್ರೇಷ್ಠ ಅನ್ನೋ ಅರ್ಥಗಳಲ್ಲಿ ಹೆಚ್ಚುಕಮ್ಮಿ ಇರುತ್ತೆ, ಪರವಾಗಿಲ್ಲ ಅನ್ನೋದ್ರಲ್ಲಿ ಏನ್ ಹೆಚ್ಚುಕಮ್ಮಿ ಇರುತ್ತೆ ಹೇಳಿ. ಫೈನ್ಲಿ ಅನ್ನೋದರ ಕಥೇನೂ ಇದೇ, "ಇಟ್ ವರ್ಕ್ಸ್ ಫೈನ್" ಅಂದ್ರೆ ಚೆನ್ನಾಗೇ ಓಡ್ತಿದೆ, ಅಲ್ಲಿ ಫೈನ್ಲಿ ಹಾಕಿದ್ರೆ ವಾಕ್ಯ ಕುಂಟುತ್ತೆ. ನುಣ್ಣಗೆ ಪುಡಿ ಮಾಡಿದ್ದು, ಕೂದಲೆಳೆಯಷ್ಟರಲ್ಲಿ ಸರಿದೂಗಿರೋದು, ಇಂಥ ಕಡೆ ಮಾತ್ರ ಫೈನ್ಲಿ.

ಈಗ ವಿರುದ್ಧ ಪದದ ವಿಷಯ, ಇಲ್ಲೇ ಆಪ್ ಪೂರ್ತಿ ಮಕಾಡೆ ಮಲಗೋದು. ಆಪ್‌ನಲ್ಲಿ "ವಿರುದ್ಧಾರ್ಥಕ" ಅಂತ ಒಂದು ಬಟನ್ ಇದೆ, ಒತ್ತಿದ್ರೆ "ಬ್ಯಾಡ್" ಅಂತ ಒಂದೇ ಪದ ಬರುತ್ತೆ. ಆದ್ರೆ ಫೈನ್‌ಗೆ ಒಂದೇ ಎದುರಾಳಿ ಇಲ್ಲ, ಅರ್ಥಕ್ಕೊಬ್ಬ ಇದಾನೆ. ಮರಳು, ಧೂಳು, ಬಟ್ಟೆ ನೇಯ್ಗೆಯಲ್ಲಿ ಫೈನ್‌ಗೆ ಎದುರು ಕೋರ್ಸ್, ಅಂದ್ರೆ ಒರಟು, ತರಿತರಿ. ಭೂಗರ್ಭಶಾಸ್ತ್ರದೋರು ಇದಕ್ಕೆ ಅಳತೆನೇ ಇಟ್ಟಿದಾರೆ, 1922ರ ವೆಂಟ್‌ವರ್ತ್ ಸ್ಕೇಲ್ ಪ್ರಕಾರ ಕಣ 0.125ರಿಂದ 0.25 ಮಿಲಿಮೀಟರ್ ಇದ್ರೆ ಅದು ಫೈನ್ ಸ್ಯಾಂಡ್, ಅದಕ್ಕಿಂತ ಸಣ್ಣಗಿದ್ರೆ ವೆರಿ ಫೈನ್. ಇಂಕ್ ಪೆನ್ನಿನ ನಿಬ್ಬಲ್ಲಿ ಎದುರಾಳಿ ಬ್ರಾಡ್, ನಿಬ್ಬಿನ ಮೇಲೆ ಎಫ್, ಎಂ, ಬಿ ಅಂತ ಕೊರೆದಿರುತ್ತಲ್ಲ, ಅದೇ ಫೈನ್, ಮೀಡಿಯಂ, ಬ್ರಾಡ್, ಎಫ್ ಅಂದ್ರೆ ಒಳ್ಳೇ ಕ್ವಾಲಿಟಿ ಅಂತ ತಿಳ್ಕೊಂಡು ತಗೊಂಡ್ರೆ ಗೆರೆ ಸಣ್ಣ ಬಂತು ಅಂತ ಆಮೇಲೆ ಗೊಣಗಬೇಕು. ಹವಾಮಾನದಲ್ಲಿ ಎದುರು ಮಳೆ ಮೋಡ, ಆರೋಗ್ಯದಲ್ಲಿ ಎದುರು ಇಲ್ ಅಥವಾ ಅನ್‌ವೆಲ್.

ಕ್ರಿಕೆಟ್‌ಗೆ ಬನ್ನಿ, ಇನ್ನೂ ಮಜಾ ಇದೆ. ಫೈನ್ ಲೆಗ್ ಅಂತ ಕಾಮೆಂಟರೀಲಿ ದಿನಾ ಕೇಳ್ತೀವಿ, ಅಲ್ಲಿ ಫೈನ್ ಅಂದ್ರೇನು ಅಂತ ಯಾರಾದ್ರೂ ಯೋಚ್ನೆ ಮಾಡಿದ್ರಾ? ಎರಡೂ ಕಡೆ ವಿಕೆಟ್ ನೆಟ್ಟಿರೋ ಗೆರೇನ ಬ್ಯಾಟ್ಸ್‌ಮನ್ ಬೆನ್ನ ಹಿಂದಕ್ಕೂ ಉದ್ದಕ್ಕೆ ಎಳೆದ್ರೆ, ಆ ಗೆರೆಗೆ ಎಷ್ಟು ಹತ್ರ ಇದ್ರೆ ಅಷ್ಟು ಫೈನ್, ಅಂದ್ರೆ ಕೋನ ಸಣ್ಣ. ಅಡ್ಡಕ್ಕೆ ಬರ್ತಾ ಬರ್ತಾ ಸ್ಕ್ವೇರ್ ಆಗುತ್ತೆ. ಅದಕ್ಕೇ ಕ್ಯಾಪ್ಟನ್ ಫೀಲ್ಡರ್‌ಗೆ "ಫೈನರ್, ಫೈನರ್" ಅಂತ ಕೈ ಬೀಸೋದು, ಚೆನ್ನಾಗಿ ಆಡು ಅಂತಲ್ಲ, ಕೀಪರ್ ಹಿಂದಕ್ಕೆ ಸರ್ಕೋ ಅಂತ. ಫೈನ್ ಎಡ್ಜ್ ಅಂದ್ರೂ ಸುಂದರವಾದ ಎಡ್ಜ್ ಅಲ್ಲ, ಸವರಿಕೊಂಡು ಹೋಗಿದ್ದು. ಇಲ್ಲಿ ವಿರುದ್ಧ ಪದ ಸ್ಕ್ವೇರ್, ಚೌಕ! ಬ್ಯಾಡ್ ಅಂತ ಒಂದೇ ಪದ ಹಾಕಿ ಕೈ ತೊಳ್ಕೊಂಡಿರೋ ಆಪ್‌ಗೆ ಇದನ್ನೆಲ್ಲಾ ಯಾರು ಹೇಳ್ಬೇಕು.

ಚಿನ್ನದ್ದು ಬೇರೇನೇ ಲೋಕ. ಅಲ್ಲಿ ಫೈನ್ ಅಂದ್ರೆ ಬೆರಕೆ ಇಲ್ಲದ್ದು, ಫೈನ್‌ನೆಸ್ ಅಂತ ಸಾವಿರಕ್ಕೆ ಎಷ್ಟು ಪಾಲು ಅಪ್ಪಟ ಅಂತ ಲೆಕ್ಕ ಹಾಕ್ತಾರೆ. 916 ಅಂದ್ರೆ 22 ಕ್ಯಾರೆಟ್, ಯಾಕಂದ್ರೆ 24ರಲ್ಲಿ 22 ಪಾಲು ಅಂದ್ರೆ ಸಾವಿರಕ್ಕೆ 916 ಚಿಲ್ಲರೆ. ಲಂಡನ್ ಮಾರ್ಕೆಟ್ಟಿನ ದೊಡ್ಡ ಚಿನ್ನದ ಗಟ್ಟಿ ಕನಿಷ್ಠ 995 ಇರಲೇಬೇಕು, ಅದರೊಳಗಿರೋ ಶುದ್ಧ ಚಿನ್ನದ ತೂಕಕ್ಕೆ ಫೈನ್ ಔನ್ಸ್ ಅಂತಾರೆ. ಆಪ್‌ನ ಪಟ್ಟಿಯಲ್ಲಿ ಶುದ್ಧ, ಅಪ್ಪಟ, ಚೊಕ್ಕ ಇವು ಯಾವ್ದೂ ಇಲ್ಲ. ಚೊಕ್ಕ ಚಿನ್ನ ಅಂತ ನಮ್ಮಲ್ಲೇ ಎಷ್ಟು ಒಳ್ಳೇ ಮಾತಿದೆ, ಎತ್ತಿ ಹಾಕೋಕೆ ಏನ್ ಕಷ್ಟ ಇತ್ತೋ ಗೊತ್ತಿಲ್ಲ.

ಇನ್ನೊಂದು ಜಾಗ ಇದೆ, ಹಳೇ ಸಾಮಾನು ಕೊಳ್ಳೋರು ಗಮನಿಸಿ. ಹಳೇ ನಾಣ್ಯ ಮಾರೋರೂ ಹಳೇ ಪುಸ್ತಕ ಮಾರೋರೂ ಸ್ಥಿತಿ ಹೇಳೋಕೆ ಫೈನ್ ಅಂತ ಬರೀತಾರೆ, ಆದ್ರೆ ಎರಡೂ ಒಂದೇ ಅಲ್ಲ. ಹಳೇ ಪುಸ್ತಕದ ವ್ಯಾಪಾರದಲ್ಲಿ ಫೈನ್ ಅಂದ್ರೆ ಹೊಸದರ ಹತ್ರಹತ್ರ, ವೆರಿ ಗುಡ್ ಅನ್ನೋದು ಅದಕ್ಕಿಂತ ಕೆಳಗೆ, ಬರೀ ಗುಡ್ ಅಂದಿದ್ರೆ ಸುಮಾರಾಗಿ ಸವೆದಿದೆ ಅಂತ್ಲೇ ಅರ್ಥ. ನಾಣ್ಯದ ಕಡೆ 1949ರಲ್ಲಿ ಬಂದ ಶೆಲ್ಡನ್ ಸ್ಕೇಲ್ ಅಂತ ಇದೆ, 1ರಿಂದ 70ರ ತನಕ, ಅದ್ರಲ್ಲಿ ಫೈನ್ ಕೂರೋದು 12ರ ಹತ್ರ, ಅಂದ್ರೆ ಚೆನ್ನಾಗೇ ಕೈ ಬದಲಾಗಿ ಸವೆದಿರೋ ನಾಣ್ಯ, ಅದರ ಮೇಲೆ ವೆರಿ ಫೈನ್, ಅದರ ಮೇಲೆ ಎಕ್ಸ್‌ಟ್ರೀಮ್ಲಿ ಫೈನ್, ಅದಕ್ಕೂ ಮೇಲೆ ಚಲಾವಣೆಗೇ ಹೋಗದ ನಾಣ್ಯಗಳು. ಒಂದು ಕಡೆ ಮೊದಲ ಸಾಲಲ್ಲಿ ಕೂರೋ ಪದ ಇನ್ನೊಂದು ಕಡೆ ಹಿಂದಿನ ಬೆಂಚಲ್ಲಿ. "ಉತ್ತಮ ಸ್ಥಿತಿ" ಅಂತ ಆಪ್ ಕೊಟ್ಟ ಅರ್ಥ ನಂಬ್ಕೊಂಡು ನಾಣ್ಯ ತರಿಸಿದ್ರೆ ಮುಖ ಅಳಿಸಿಹೋಗಿರೋ ರಾಜ ಬರ್ತಾನೆ. ಈ ವ್ಯಾಪಾರದ ಅರ್ಥಗಳನ್ನ ಸಾಮಾನ್ಯ ಡಿಕ್ಷನರಿಯಿಂದ ನಿರೀಕ್ಷೆ ಮಾಡೋದು ಜಾಸ್ತಿ ಆಯ್ತು ಅಂತ ನೀವನ್ನಬಹುದು, ಒಪ್ತೀನಿ, ಇದಕ್ಕೆ ಮಾರ್ಕ್ಸ್ ಕಳೆದಿಲ್ಲ.

ಮಾರ್ಕ್ಸ್ ಕಳೆದಿರೋದು ದಿನದ ಮಾತಿಗೆ. ಯಾರೋ ನೀರು ಬೇಕಾ ಅಂತ ಕೇಳ್ತಾರೆ, "ಐ ಆಮ್ ಫೈನ್, ಥ್ಯಾಂಕ್ಸ್" ಅಂತ ಉತ್ತರ. ಆಪ್ ಪ್ರಕಾರ "ನಾನು ಚೆನ್ನಾಗಿದ್ದೇನೆ". ಅಲ್ಲ, ಅದರರ್ಥ ಬೇಡ, ಸಾಕು. ಅವ್ರು ಬೇಡ ಅಂದಿದ್ದು ಗೊತ್ತಾಗದೆ ನೀವು ಗ್ಲಾಸು ತುಂಬಿಸ್ತಿರ್ತೀರ. ಯಾರಾದ್ರೂ ಸಾರಿ ಲೇಟಾಯ್ತು ಅಂದ್ರೆ "ದಟ್ಸ್ ಫೈನ್", ಅಂದ್ರೆ ಪರವಾಗಿಲ್ಲ ಬಿಡಿ. ಮೀಟಿಂಗ್ ಮೂರು ಗಂಟೆಗೆ ಇಡೋಣ್ವಾ ಅಂದ್ರೆ "ಫೈನ್ ಬೈ ಮಿ", ಅಂದ್ರೆ ನಂದೇನೂ ಅಭ್ಯಂತರ ಇಲ್ಲ. ಜಗಳ ಆಡ್ತಾ ಆಡ್ತಾ ಕೊನೆಗೆ ಒಬ್ರು "ಫೈನ್!" ಅಂತ ಎದ್ದು ಹೋದ್ರೆ ಆಯ್ತು ಬಿಡು, ಏನಾದ್ರೂ ಮಾಡ್ಕೋ ಅಂತ. ಈ ನಾಲ್ಕರಲ್ಲಿ ಒಂದಕ್ಕೂ ಉತ್ತಮ, ಸೊಗಸಾದ, ನಯವಾದ ಸೇರಲ್ಲ.

ಮತ್ತೆ ವ್ಯಂಗ್ಯ. "ಎ ಫೈನ್ ಮೆಸ್" ಅಂದ್ರೆ ಒಳ್ಳೇ ಫಜೀತಿ ಆಯ್ತಲ್ಲಪ್ಪ ಅಂತ, "ಎ ಫೈನ್ ಫ್ರೆಂಡ್ ಯು ಆರ್" ಅಂದ್ರೆ ಚೆನ್ನಾಗಿದೆ ಕಣಯ್ಯ ನಿನ್ ಸ್ನೇಹ. ಇದು ಕನ್ನಡದೋರಿಗೆ ಬಿಡಿಸಿ ಹೇಳೋದೇ ಬೇಡ, "ಒಳ್ಳೇ", "ಚೆನ್ನಾಗಿದೆ" ಅನ್ನೋದನ್ನ ನಾವೂ ಹಿಂಗೇ ತಿರುಗಿಸಿ ಹೊಡೀತೀವಿ. ಒಂದೇ ಒಂದು ಉದಾಹರಣೆ ಹಾಕಿದ್ರೆ ಓದೋನಿಗೆ ಬಲ್ಬ್ ಹತ್ತುತ್ತಿತ್ತು. ಆಪ್ ಕೊಡೋದು "ಉತ್ತಮ ಅವ್ಯವಸ್ಥೆ".

ಈಗ ದೊಡ್ಡೋರ ಕಡೆ. ಕಲಿಯೋರ ಡಿಕ್ಷನರಿ ಅನ್ನೋ ಜಾತೀನೇ ಬೇರೆ, ಇಂಗ್ಲಿಷ್ ಗೊತ್ತಿರೋ ಇಂಗ್ಲಿಷರಿಗೆ ಮಾಡಿದ್ದಲ್ಲ ಇದು. ಮೈಕೆಲ್ ವೆಸ್ಟ್ ಅನ್ನೋರು ಬಂಗಾಳದಲ್ಲಿ ಕೆಲ್ಸ ಮಾಡಿದ ಅನುಭವದ ಮೇಲೆ 1935ರಲ್ಲಿ ಒಂದು ಡಿಕ್ಷನರಿ ತಂದ್ರು, ಅದರಲ್ಲಿ ಎಲ್ಲಾ ಅರ್ಥಗಳನ್ನೂ 1490 ಸುಲಭ ಪದಗಳಲ್ಲೇ ಬರೆದಿದ್ರು. ಜಪಾನಿನಲ್ಲಿ ಇಂಗ್ಲಿಷ್ ಕಲಿಸ್ತಿದ್ದ ಎ.ಎಸ್. ಹಾರ್ನ್‌ಬಿ ಮತ್ತೆ ಅವರ ಜೊತೆಯೋರು ಮಾಡಿದ ಡಿಕ್ಷನರಿ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯ್ತು, 1948ರಲ್ಲಿ ಆಕ್ಸ್‌ಫರ್ಡ್‌ನೋರು ಅದನ್ನೇ ತಗೊಂಡ್ರು, ನಾವು ಇವತ್ತು ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಅನ್ನೋದು ಅದರ ವಂಶಾನೇ. ಅಂದ್ರೆ ಇವು ಹುಟ್ಟಿದ್ದೇ ನಮ್ಮಂಥ, ಇಂಗ್ಲಿಷ್ ಹೊರಗಿನಿಂದ ಕಲಿಯೋರ ಕ್ಲಾಸ್‌ರೂಮಲ್ಲಿ. ಅದು ಫೈನ್ ಥರದ ಪದದಲ್ಲಿ ಎದ್ದು ಕಾಣುತ್ತೆ.

ಲಾಂಗ್‌ಮನ್ 1978ರಲ್ಲಿ ಬಂದಾಗ ಸುಮಾರು 2000 ಪದಗಳಲ್ಲೇ ಎಲ್ಲಾ ವಿವರಣೆ ಬರೀತೀವಿ ಅಂತ ಕೂತಿತು, ಇವತ್ತಿಗೂ ಓದೋಕೆ ಅದೇ ಹಗುರ. ಅರ್ಥ ನೋಡೋಕೆ ಹೋಗಿ ಆ ಅರ್ಥದಲ್ಲಿರೋ ಪದಕ್ಕೆ ಇನ್ನೊಂದು ಸಲ ಹುಡುಕೋ ಕರ್ಮ ಇಲ್ಲ. ಫೈನ್ ಅಂತ ಹೊಡೆದ್ರೆ ಪ್ರತಿ ಅರ್ಥದ ತಲೆ ಮೇಲೂ ಒಂದು ಚಿಕ್ಕ ಬೋರ್ಡ್ ಇರುತ್ತೆ, ಇದು ಆರೋಗ್ಯದ್ದು, ಇದು ಹವಾಮಾನದ್ದು, ಇದು ತೆಳು ಇರೋದ್ರದ್ದು ಅಂತ, ಬೇಕಾದ ಮನೆಗೆ ನೇರ ಹೋಗಬಹುದು. ಆಕ್ಸ್‌ಫರ್ಡ್‌ನಲ್ಲಿ ಪದದ ಮುಂದೆ ಲೆವೆಲ್ ಹಾಕ್ತಾರೆ, ಫೈನ್‌ಗೆ ಎ1, ಅಂದ್ರೆ ತೀರಾ ಶುರುವಿನ ಹಂತ. ಹುಡುಕ್ತಿರೋ ಅರ್ಥ ಈಗ್ಲೇ ಕಲೀಬೇಕಾದ್ದಾ ಇಲ್ಲಾ ಆಮೇಲೆ ನೋಡ್ಕೊಂಡ್ರೂ ನಡೆಯುತ್ತಾ ಅನ್ನೋದಕ್ಕೆ ಇದು ಉಪಯೋಗ.

ನನಗೆ ಜಾಸ್ತಿ ಇಷ್ಟ ಆಗೋದು ಕೋಬಿಲ್ಡ್. ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟೀಲಿ ಜಾನ್ ಸಿಂಕ್ಲೇರ್ ತಂಡದೋರು ಪುಸ್ತಕ, ಪೇಪರು, ಮಾತುಕತೆ ಎಲ್ಲಾ ಕಂಪ್ಯೂಟರ್‌ಗೆ ತುಂಬಿ, ಜನ ನಿಜವಾಗ್ಲೂ ಪದಗಳನ್ನ ಹೆಂಗೆ ಬಳಸ್ತಾರೆ ಅಂತ ನೋಡಿ 1987ರಲ್ಲಿ ತಂದಿದ್ದು. ಇದರಲ್ಲಿ ಅರ್ಥ ಅಂತ ಒಣ ಪದ ಇರಲ್ಲ, ಪೂರ್ತಿ ವಾಕ್ಯ ಇರುತ್ತೆ, ಒಬ್ರು ನಾನು ಫೈನ್ ಅಂದ್ರೆ ಅವರ ಆರೋಗ್ಯ ಸರಿಯಾಗಿದೆ ಅಂತ ಹೇಳ್ತಿದಾರೆ ಅನ್ನೋ ಧಾಟಿ. ಹಂಗಾಗಿ ಪದ ಯಾರ ಬಾಯಲ್ಲಿ, ಯಾವುದರ ಪಕ್ಕ ಬರುತ್ತೆ ಅನ್ನೋದು ವಿವರಣೆ ಒಳಗೇ ಬಂದುಬಿಡುತ್ತೆ, ಬೇರೆ ವ್ಯಾಕರಣ ಬೇಡ. ಕೆಲವರಿಗೆ ಇದು ಉದ್ದ ಆಯ್ತು ಅನ್ಸುತ್ತೆ, ಅವಸರದಲ್ಲಿದ್ರೆ ಹೌದು ಉದ್ದಾನೇ. ಕೇಂಬ್ರಿಡ್ಜ್ ಪರವಾಗಿಲ್ಲ, ಚೊಕ್ಕವಾಗಿದೆ, ಉಚ್ಚಾರಣೆ ಬ್ರಿಟಿಷ್ ಅಮೆರಿಕನ್ ಎರಡೂ ಇದೆ, ಅದರ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ.

ಮೆರಿಯಮ್-ವೆಬ್‌ಸ್ಟರ್ ತೆಗೆಯೋರಿಗೆ ಒಂದು ಮಾತು. ಒಳ್ಳೇ ಡಿಕ್ಷನರಿ, ಆದ್ರೆ ಅದರ ಮುಖ್ಯ ಡಿಕ್ಷನರಿ ಅರ್ಥಗಳನ್ನ ಇತಿಹಾಸದ ಕ್ರಮದಲ್ಲಿ ಜೋಡಿಸೋ ಪದ್ಧತಿಯದ್ದು, ಹಳೇದು ಮೊದ್ಲು, ಹೊಸದು ಆಮೇಲೆ. ಅಲ್ಲಿ ಒಂದನೇ ನಂಬರಿನ ಅರ್ಥಾನೇ ಮುಖ್ಯ ಅಂತ ತಗೋಬಾರದು. ಕಲಿಯೋರಿಗೆ ಅಂತ ಅವರದ್ದೇ ಬೇರೆ ಡಿಕ್ಷನರಿ ಇದೆ, 2008ರಲ್ಲಿ ತಂದಿದ್ದು, ಅದನ್ನ ನೋಡೋದು ವಾಸಿ. ಮ್ಯಾಕ್ಮಿಲನ್ ಅಂತ ಒಂದು ಚೆಂದದ ಡಿಕ್ಷನರಿ ನೆಟ್‌ನಲ್ಲಿತ್ತು, ದಿನಬಳಕೆ ಪದಗಳನ್ನ ಕೆಂಪಕ್ಷರದಲ್ಲಿ ನಕ್ಷತ್ರ ಹಾಕಿ ತೋರಿಸ್ತಿದ್ರು, 2023ರಲ್ಲಿ ಸೈಟೇ ಮುಚ್ಚಿದ್ರು. ಅದಕ್ಕೇ ಅಚ್ಚಾದ ಡಿಕ್ಷನರಿ ಒಂದು ಮನೇಲಿರಲಿ ಅಂತೀನಿ, ಹಳೇ ಎಡಿಷನ್ ಆದ್ರೂ ಸರಿ, ಫೈನ್ ಥರದ ಪದದ ಅರ್ಥ ರಾತ್ರಿ ಬೆಳಗಾಗೋದ್ರೊಳಗೆ ಬದಲಾಗಲ್ಲ.

ಆಪ್ ಪರವಾಗಿ ಒಂದು ಮಾತೂ ಹೇಳ್ಬೇಕು. ದಂಡ ಅನ್ನೋ ಅರ್ಥ ಮೊದ್ಲು ಬಂದಿದ್ದಕ್ಕೆ ಬೈದೆ, ಆದ್ರೆ ದಂಡದ ಫೈನೂ ಈ ಫೈನೂ ದಾಯಾದಿಗಳೇ. ಎರಡಕ್ಕೂ ಬೇರು ಲ್ಯಾಟಿನ್ನಿನ ಫೀನಿಸ್, ಅಂದ್ರೆ ಕೊನೆ. ಒಂದು ದಾರಿ ಹಿಡಿದು ಕೊನೆಮುಟ್ಟಿದ್ದು, ಪರಿಪೂರ್ಣ ಆಗಿದ್ದು, ಅಲ್ಲಿಂದ ಶ್ರೇಷ್ಠ, ಅಲ್ಲಿಂದ ನಯ, ನಾಜೂಕು, ತೆಳು, ಹಂಗೇ ಇಳೀತಾ ಇಳೀತಾ ಕೊನೆಗೆ ಬರೀ ಪರವಾಗಿಲ್ಲ. ಇನ್ನೊಂದು ದಾರೀಲಿ ವ್ಯಾಜ್ಯ ಕೊನೆಗಾಣಿಸೋಕೆ ಕಟ್ಟೋ ದುಡ್ಡು, ಅದೇ ದಂಡ. ಫಿನಿಷ್, ಫೈನಲ್, ಫೈನಾನ್ಸ್, ಡಿಫೈನ್, ಕನ್‌ಫೈನ್ ಎಲ್ಲಾ ಇದೇ ಮನೆತನ. ಪಾಶ್ಚಾತ್ಯ ಸಂಗೀತದ ಸ್ವರಪುಸ್ತಕದಲ್ಲಿ ಕೊನೆಗೆ ಅದೇ ನಾಲ್ಕಕ್ಷರ ಬರೆದು ಫೀನೆ ಅಂತ ಓದ್ತಾರೆ, ಇಟಾಲಿಯನ್ನಲ್ಲಿ ಮುಗೀತು ಅಂತ. ಇಷ್ಟೆಲ್ಲಾ ಚೆಂದದ ವಿಷಯ ಇರ್ಬೇಕಾದ್ರೆ ಆಪ್‌ನೋರು "ಪದದ ಮೂಲ" ಅಂತ ಒಂದು ಟ್ಯಾಬ್ ಕೊಟ್ಟು ಅದನ್ನ ಖಾಲಿ ಬಿಟ್ಟಿದಾರೆ, ಪೇಯ್ಡ್ ವರ್ಷನ್ನಲ್ಲಿ ಬರುತ್ತಂತೆ.

ದೊಡ್ಡ ಡಿಕ್ಷನರಿಗಳೂ ಒಂದು ಕಡೆ ಕೈ ಎತ್ತುತ್ತವೆ, ಅದು ದನಿ. ಫೈನ್ ಅಂತ ಯಾವ ರಾಗದಲ್ಲಿ ಅಂದ್ರು ಅನ್ನೋದರ ಮೇಲೆ ಖುಷಿಯಿಂದ ಒಪ್ಪಿದ್ರಾ, ಹಲ್ಲು ಕಚ್ಚಿ ಒಪ್ಪಿದ್ರಾ ಅನ್ನೋದು ನಿಲ್ಲುತ್ತೆ. ಮೆಸೇಜಲ್ಲಿ ದನಿ ಇಲ್ಲ, ಅಲ್ಲಿ ಒಂದು ಚುಕ್ಕಿ ಆ ಕೆಲ್ಸ ಮಾಡುತ್ತೆ. 2015ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ಯೂನಿವರ್ಸಿಟಿಯೋರು ಸ್ಟೂಡೆಂಟ್ಸ್‌ಗೆ ಚಿಕ್ಕಚಿಕ್ಕ ಮೆಸೇಜ್ ಉತ್ತರ ತೋರಿಸಿ ನೋಡಿದ್ರು, ಒಂದೇ ಪದದ ಉತ್ತರದ ಕೊನೆಗೆ ಪೂರ್ಣವಿರಾಮ ಇದ್ರೆ ಅದು ಮನಸ್ಸಿಂದ ಬಂದಿದ್ದಲ್ಲ ಅಂತ ಅನ್ಸಿತು ಅವರಿಗೆ, ಅದೇ ಉತ್ತರ ಕೈಬರಹದ ಚೀಟೀಲಿದ್ದಾಗ ಹಂಗೇನೂ ಅನ್ನಿಸಲಿಲ್ಲ. ಗಂಡ ಹೆಂಡ್ತಿ ಮಧ್ಯೆ ಚುಕ್ಕಿ ಸಮೇತ ಫೈನ್ ಬಂದ್ರೆ ಸಂಶೋಧನೆ ಏನ್ ಬೇಕಾಗಿಲ್ಲ, ಗೊತ್ತಾಗುತ್ತೆ. ಕನ್ನಡದಲ್ಲೂ ಬರೀ "ಸರಿ." ಅಂತ ಬಂದ್ರೆ ಎದೆ ಧಸಕ್ ಅನ್ನಲ್ವಾ.

ಇಂಗ್ಲಿಷ್-ಕನ್ನಡ ಆಪ್ ಮಾಡೋರು ಇದನ್ನ ಓದ್ತಿದ್ರೆ ಒಂದು ವಿಷಯ ಕೇಳಿ. ಇಂಗ್ಲಿಷಲ್ಲಿ ಗುಣವಾಚಕ ಇದೆ ಅಂತ ಕನ್ನಡದಲ್ಲೂ ಗುಣವಾಚಕವನ್ನೇ ಹುಡುಕಿ ತರೋ ಹಠ ಬಿಡಿ. "ಉತ್ತಮವಾದ" ಅಂತ ಯಾರು ಮನೇಲಿ ಮಾತಾಡ್ತಾರೆ? ಫೈನ್ ಅನ್ನೋದಕ್ಕೆ ಕನ್ನಡದ ಸರಿಯಾದ ಉತ್ತರ ಎಷ್ಟೋ ಕಡೆ ಗುಣವಾಚಕಾನೇ ಅಲ್ಲ, ಪರವಾಗಿಲ್ಲ, ಆಯ್ತು, ಇರ್ಲಿ ಬಿಡಿ, ಸಾಕು, ಆರಾಮಾಗಿದೀನಿ, ನಡೆಯುತ್ತೆ, ಇವೆಲ್ಲಾ ಒಂದೊಂದೇ ಪೂರ್ತಿ ಮಾತುಗಳು. ಸಣ್ಣ ತೆಳು ಅನ್ನೋ ಅರ್ಥಕ್ಕೆ ಬಂದ್ರೆ ನುಣ್ಣಗೆ, ಸಣ್ಣಗೆ, ನವಿರು, ಎಳೆ ಎಳೆಯಾಗಿ. ಇವನ್ನ ಕೊಟ್ಟು ಪ್ರತಿಯೊಂದಕ್ಕೂ ಮನುಷ್ಯರು ಬರೆದಿರೋ ಒಂದು ವಾಕ್ಯ ಹಾಕಿ ಸಾಕು, ಒಂದು ಲಕ್ಷ ಪದ ಬೇಡ, ಮೂರು ಸಾವಿರ ಸಾಮಾನ್ಯ ಪದ ಹಿಂಗೆ ಮಾಡಿದ್ರೆ ನಾನೇ ಎಲ್ರಿಗೂ ಹೇಳ್ಕೊಂಡು ತಿರುಗ್ತೀನಿ.

ಅಲ್ಲಿ ತನಕ ನಾನು ಹೇಳೋದು ಹಿಂಗೆ. ಇಂಗ್ಲಿಷ್ ಈಗಷ್ಟೇ ಶುರು ಮಾಡಿರೋರು ಲಾಂಗ್‌ಮನ್ ಬುಕ್‌ಮಾರ್ಕ್ ಮಾಡ್ಕೊಳ್ಳಿ, ಇಂಗ್ಲಿಷಲ್ಲಿ ಬರೆಯೋ ಕೆಲ್ಸ ಇರೋರು ಕೋಬಿಲ್ಡ್ ನೋಡಿ, ಅನುವಾದ ಮಾಡೋರು ಎರಡನ್ನೂ ತೆಗೆದಿಟ್ಕೊಂಡು ಕನ್ನಡ ಪದ ನಿಮ್ಮ ತಲೆಯಿಂದಲೇ ತನ್ನಿ. ಆಪ್ ಬೇಕೇ ಬೇಕು ಅನ್ನೋರು ಕಾಯಿಲೆ, ಹಣ್ಣು, ಪ್ರಾಣಿ, ಸಾಮಾನಿನ ಹೆಸರುಗಳಿಗೆ ಇಟ್ಕೊಳ್ಳಿ, ಅಷ್ಟಕ್ಕೆ ಅದು ಸಾಕು, ಗುಣವಾಚಕಕ್ಕೆ ಮಾತ್ರ ಮುಟ್ಟಬೇಡಿ. ನಾನು ಆಪ್‌ಗೆ ಐದಕ್ಕೆ ಎರಡು ಸ್ಟಾರ್ ಕೊಟ್ಟಿದೀನಿ, ಒಂದು ನೆಟ್ ಇಲ್ಲದೇ ಇದ್ರೂ ಓಡೋದಕ್ಕೆ, ಇನ್ನೊಂದು ಒತ್ತಕ್ಷರ ಎಲ್ಲೂ ಒಡೆಯದೆ ಕನ್ನಡ ನೀಟಾಗಿ ಕಾಣೋದಕ್ಕೆ.